ನುಡಿಯ ಬಲ, ತೋಳಿನ ಬಲ

‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವವಾಣಿ. ಆದರೆ ಜಗಳವೇ ವಸ್ತುವಾದ ಗ್ರೀಕ್ ಮಹಾಕಾವ್ಯ ‘ಇಲಿಯಡ್’ನಲ್ಲಿ ಮಾತು ಬಲ್ಲವರಿಗೇನೂ ಕೊರತೆಯಿಲ್ಲ. ಹೋಮರನ ದೃಷ್ಟಿಯಲ್ಲಿ ವೀರನೆಂದರೆ ಕೇವಲ ಈಟಿ ಹಿಡಿದವನಲ್ಲ. ಆಕಿಲೀಸನನ್ನು ಸಾಕಿ ಬೆಳೆಸಿದ ವೃದ್ಧ ಫೀನಿಕ್ಸನಿಗೆ ಆತನ ತಂದೆ ಪೀಲಿಯೂಸ್ ವಹಿಸಿದ ಹೊಣೆ ಎರಡು ಬಗೆಯದು: ಸಭೆಯಲ್ಲಿ ನುಡಿಯುವುದನ್ನೂ ರಣದಲ್ಲಿ ಕಾರ್ಯವೆಸಗುವುದನ್ನೂ ಹುಡುಗನಿಗೆ ಕಲಿಸಬೇಕು. ಈ ಎರಡು ಶಕ್ತಿಗಳು ಬೇರ್ಪಟ್ಟಾಗ ಒದಗುವ ಅನರ್ಥವನ್ನೇ ಟ್ರಾಯ್ ಯುದ್ಧದ ಕಥೆ ಮತ್ತೆ ಮತ್ತೆ ತೋರಿಸುತ್ತದೆ.

ಕಾವ್ಯದ ಒಂಬತ್ತನೆಯ ಸರ್ಗವನ್ನೇ ನೋಡಬಹುದು. ದೊರೆ ಅಗಮೆಮ್ನಾನನಿಂದ ಅಪಮಾನಿತನಾದ ಆಕಿಲೀಸ್ ಶಸ್ತ್ರ ಕೆಳಗಿಟ್ಟು ಕುಳಿತಿದ್ದಾನೆ. ಸೋಲಿನ ಅಂಚಿಗೆ ಬಂದ ಗ್ರೀಕರು ಅವನನ್ನು ಒಲಿಸಲು ಮೂವರನ್ನು ಕಳುಹಿಸುತ್ತಾರೆ. ಮೊದಲು ಚತುರೋಕ್ತಿಯ ಒಡಿಸ್ಯೂಸ್ ಚಿನ್ನ, 12 ಕುದುರೆ, 7 ಪಟ್ಟಣಗಳ ಕಾಣಿಕೆಯನ್ನು ಒಂದೊಂದಾಗಿ ಬಣ್ಣಿಸುತ್ತಾನೆ. ‘ಅವನು ನನಗೆ ತಲೆಬಾಗಲಿ’ ಎಂಬ ದೊರೆಯ ಕಡೆಯ ಮಾತನ್ನು ಮಾತ್ರ ಜಾಣತನದಿಂದ ನುಂಗಿಬಿಡುತ್ತಾನೆ. ಮನದಲ್ಲೊಂದು, ನಾಲಗೆಯಲ್ಲೊಂದು ಇರಿಸಿಕೊಂಡವನನ್ನು ತಾನು ದ್ವೇಷಿಸುವೆನೆಂದ ಆಕಿಲೀಸ್, ಮರುದಿನವೇ ಹಡಗೇರಿ ತೆರಳುವುದಾಗಿ ಸಾರುತ್ತಾನೆ. ಫೀನಿಕ್ಸನ ವಾತ್ಸಲ್ಯದ ಮಾತಿನಿಂದ ಕೊಂಚ ಸಡಿಲಗೊಂಡು, ಹೋಗುವುದೋ ಇರುವುದೋ ಬೆಳಗ್ಗೆ ಯೋಚಿಸೋಣವೆನ್ನುತ್ತಾನೆ. ಕೊನೆಯವನು ಏಜಾಕ್ಸ್, ಬಾಹುಬಲಕ್ಕೆ ಹೆಸರಾದವನೇ ಹೊರತು ವಾಗ್ಮಿಯಲ್ಲ. ಗೆಳೆಯರ ಸ್ನೇಹವನ್ನೂ ಗಣಿಸದ ಕಲ್ಲೆದೆ ಇದು, ಹೊರಡೋಣವೆಂದು ಒಡಿಸ್ಯೂಸನಿಗೆ ನೇರವಾಗಿ ಹೇಳುತ್ತಾನೆ. ಆ ನಾಲ್ಕು ಮಾತಿಗೇ ಆಕಿಲೀಸ್ ಹೆಚ್ಚು ಮಣಿಯುವುದು! ಶತ್ರುವೀರ ಹೆಕ್ಟರ್ ಬೆಂಕಿಯೊಡನೆ ತನ್ನ ಹಡಗುಗಳ ಬಳಿಗೆ ಬಂದರೆ ಕಾದುವೆನೆನ್ನುತ್ತಾನೆ. ಆದರೂ ಕೋಪ ಪೂರ್ತಿ ಆರಲಿಲ್ಲ. ಅದಕ್ಕೆ ಬೆಲೆ ತೆತ್ತವನು ಪ್ರಾಣಮಿತ್ರ ಪೆಟ್ರೋಕ್ಲಸ್.

ಮುಂದೆ ಆಕಿಲೀಸನೂ ಮಡಿದ ಬಳಿಕ ಅವನ ಆಯುಧಗಳು ಏಜಾಕ್ಸನಿಗೆ ದಕ್ಕದೆ ಒಡಿಸ್ಯೂಸನ ಪಾಲಾದವು. ಮಾನಭಂಗದಿಂದ ಏಜಾಕ್ಸ್ ತನ್ನ ಖಡ್ಗಕ್ಕೆ ತಾನೇ ಬಲಿಯಾದ. ಈ ದುರಂತವನ್ನು ಸೊಫೋಕ್ಲೀಸ್ ನಾಟಕವಾಗಿಸಿದ. ಅದನ್ನೇ ಮಾದರಿಯಾಗಿರಿಸಿಕೊಂಡು ಬಿ.ಎಂ.ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿ ಆ ನೋವನ್ನು ಕನ್ನಡಿಗರದಾಗಿಸಿದರು. ‘ಒಡಿಸ್ಸಿ’ಯಲ್ಲಿ ಮೃತರ ಲೋಕಕ್ಕಿಳಿದ ಒಡಿಸ್ಯೂಸ್, ಆ ಗೆಲುವು ತನಗೆ ಬೇಡವಾಗಿತ್ತೆಂದು ಏಜಾಕ್ಸನ ಛಾಯೆಯನ್ನು ಸವಿಮಾತಿನಿಂದ ಸಂತೈಸಲೆತ್ನಿಸುತ್ತಾನೆ. ಏಜಾಕ್ಸ್ ಒಂದು ಮಾತೂ ಆಡದೆ ಕತ್ತಲೆಯೊಳಗೆ ಸರಿದುಹೋಗುತ್ತಾನೆ. ವಾಗ್ಮಿಯ ಸಕಲ ಚಾತುರ್ಯವೂ ಆ ಮೌನದ ಮುಂದೆ ನಿರರ್ಥಕ.

ಹಾಗಾದರೆ ಆಕಿಲೀಸನ ಎದೆಯನ್ನು ನಿಜವಾಗಿ ಗೆದ್ದವರಾರು? ‘ಇಲಿಯಡ್’ನ ಕಡೆಯ ಸರ್ಗವಾದ ಇಪ್ಪತ್ತನಾಲ್ಕನೆಯದರಲ್ಲಿ ಅದಕ್ಕೆ ಉತ್ತರವಿದೆ. ಟ್ರಾಯ್‌ನ ಮುದಿ ದೊರೆ ಪ್ರಿಯಾಮ, ಹತನಾದ ಮಗ ಹೆಕ್ಟರನ ದೇಹವನ್ನು ಬೇಡಲು, ರಾತ್ರಿಯ ವೇಳೆ ವೃದ್ಧ ಸೇವಕನೊಬ್ಬನೊಡನೆ ಶತ್ರುಶಿಬಿರಕ್ಕೆ ಬರುತ್ತಾನೆ. ಮಗನನ್ನು ಕೊಂದ ಕೈಗಳಿಗೇ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೊ ಎನ್ನುತ್ತಾನೆ. ಇಬ್ಬರೂ ಅಳುತ್ತಾರೆ. ಆಕಿಲೀಸ್ ದೇಹವನ್ನು ಒಪ್ಪಿಸಿ, ಉತ್ತರಕ್ರಿಯೆಗೆಂದು 11 ದಿನ ಯುದ್ಧವನ್ನು ತಡೆಹಿಡಿಯುತ್ತಾನೆ.

12 ಕುದುರೆ, 7 ಪಟ್ಟಣಗಳ ಆಮಿಷ ಸಾಧಿಸದಿದ್ದುದನ್ನು ನಿರಾಯುಧನಾದ ಮುದುಕನ ಮಾತು ಸಾಧಿಸಿತು. ಅವನಾಡಿದ ನುಡಿಯ ಹಿಂದೆ ಪ್ರಾಣವನ್ನೇ ಪಣವಿಟ್ಟ ಧೈರ್ಯವಿತ್ತು. ಪೀಲಿಯೂಸ್ ತನ್ನ ಮಗ ಕಲಿಯಲೆಂದು ಬಯಸಿದ ಎರಡು ವಿದ್ಯೆಗಳೂ ಆ ರಾತ್ರಿ ಒಂದೇ ಆಗಿ ಆಕಿಲೀಸನ ಎದುರು ಮಂಡಿಯೂರಿದ್ದವು.