ಕಡಲ ತೆರೆಯನ್ನು ಓದುವ ಬಗೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಅಬ್ಬಿಗೆರೆಯ ಕೆರೆಗೆ ಒಂದು ಕಲ್ಲನ್ನು ಎಸೆದು ನೋಡಿರಿ. ಅಲೆಗಳು ಬಳೆಬಳೆಯಾಗಿ ಹರಡಿ ದಡವನ್ನು ಮುಟ್ಟುವುವು. ಆದರೆ ನೀರಿನಲ್ಲಿ ತೇಲುತ್ತಿರುವ ತರಗೆಲೆ ಇದ್ದೆಡೆಯಲ್ಲಿಯೇ ಏರಿ ಇಳಿಯುವುದಲ್ಲದೆ ಅಲೆಯೊಡನೆ ದಡಕ್ಕೆ ಬಾರದು. ಹಾಗಾದರೆ ದಡಕ್ಕೆ ಬಂದುದೇನು? ಕಲ್ಲು ನೀರಿಗೆ ಕೊಟ್ಟ ಶಕ್ತಿ.

ಈ ಪಾಠವನ್ನು ನೆನಪಿನಲ್ಲಿಟ್ಟುಕೊಂಡು, ಯಶವಂತಪುರದಲ್ಲಿ ರೈಲು ಹತ್ತಿ, ಘಟ್ಟವಿಳಿದು, ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲು ಕಡಲತೀರಕ್ಕೆ ಹೋಗೋಣ. ಶಾಂಭವಿ, ನಂದಿನಿ ನದಿಗಳು ಕಡಲನ್ನು ಸೇರುವ ತಾಣವಿದು. ಹಲಗೆಯ ಮೇಲೆ ನಿಂತು ತೆರೆಯೊಡನೆ ಜಾರಿ ಬರುವ ಸರ್ಫಿಂಗ್ ಆಟವನ್ನು ಕಲಿಸುವ ಮಂತ್ರ ಸರ್ಫ್ ಕ್ಲಬ್ ನೆರೆಯ ಮೂಲ್ಕಿಯಲ್ಲಿ 2004ರಲ್ಲಿ ಆರಂಭವಾಯಿತು. 2016ರಲ್ಲಿ ಸಸಿಹಿತ್ಲುವಿನಲ್ಲಿಯೇ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಸ್ಪರ್ಧೆ ನಡೆಯಿತು. 2021ರಲ್ಲಿ ಟೋಕಿಯೋ ನಗರವು ನಡೆಸಿಕೊಟ್ಟ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು.

ಇಲ್ಲಿ ಕಲ್ಲೆಸೆದವರು ಯಾರು? ಗಾಳಿ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ತೀರಕ್ಕೆ ಬರುವುದುಂಟು. ಕೈಗಡಿಯಾರವನ್ನು ನೋಡುತ್ತ ಒಂದು ತೆರೆಗೂ ಮುಂದಿನದಕ್ಕೂ ನಡುವಣ ಕಾಲವನ್ನು ಎಣಿಸಿರಿ. ಅದು 10 ಸೆಕೆಂಡಾದರೆ, ಆ ಅಲೆಯ ಉದ್ದ ಆಳಸಮುದ್ರದಲ್ಲಿ ಸುಮಾರು 156 ಮೀಟರ್. ನೀರಿನ ಆಳ ಇದರ ಅರ್ಧಕ್ಕಿಂತ ಕಡಿಮೆಯಾದೊಡನೆ ಅಲೆಗೆ ಕಡಲ ತಳ ತಗಲತೊಡಗುವುದು. ಆಗ ಅದರ ವೇಗ ತಗ್ಗಿ, ತೀರ ಸಮೀಪಿಸಿದಂತೆ ಎತ್ತರ ಹೆಚ್ಚುವುದು. ಒಂದು ಮೀಟರ್ ಎತ್ತರದ ತೆರೆ, ಸುಮಾರು ಒಂದೂಕಾಲು ಮೀಟರ್ ಆಳದ ನೀರಿಗೆ ಬಂದಾಗ ಮುಂದಕ್ಕೆ ಬಾಗಿ ಒಡೆಯುವುದು. ತೆರೆ ಕಡಿದಾಗಿ ಎದ್ದು ಒಡೆಯಲಿರುವ ಆ ಕ್ಷಣವನ್ನೇ ಆಟಗಾರನು ಕಾಯುತ್ತಾನೆ.

ಈಗ ಯೋಚಿಸಿರಿ. ತೆರೆ ಒಡೆಯುವುದು ಆಳ ಕಡಿಮೆಯಿರುವಲ್ಲಿ. ಹಾಗಾದರೆ ಎರಡು ಕಡೆ ಬಿಳಿನೊರೆ ಎದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಪ್ಪಾಗಿ ಕಾಣುವ ಓಣಿಯೊಂದಿದ್ದರೆ ಅದರ ಅರ್ಥವೇನು? ಅಲ್ಲಿ ಆಳ ಹೆಚ್ಚು. ಒಡೆದ ತೆರೆಗಳು ದಡಕ್ಕೆ ತಳ್ಳಿದ ನೀರು ಹಿಂದಿರುಗಲು ಹಲವು ವೇಳೆ ಇಂತಹ ಓಣಿಯನ್ನೇ ಹಿಡಿಯುವುದು. ಇದೇ ಸೆಳೆತ. ಈಜಲು ಪ್ರಶಸ್ತವೆಂದು ಹೊಸಬರು ಆರಿಸುವ ಆ ಶಾಂತವಾದ ಜಾಗವೇ ಅವರನ್ನು ಒಳಕಡಲಿಗೆ ಒಯ್ಯುವುದು. ಪ್ರಬಲವಾದ ಸೆಳೆತದ ವೇಗ ಸೆಕೆಂಡಿಗೆ ಎರಡು ಮೀಟರನ್ನೂ ಮೀರಬಹುದು. ನುರಿತ ಈಜುಗಾರನೂ ಅದಕ್ಕೆದುರಾಗಿ ಈಜಿ ಗೆಲ್ಲಲಾರ.

ಸೆಳೆತ ಮನುಷ್ಯನನ್ನು ದೂರಕ್ಕೆ ಒಯ್ಯುವುದೇ ಹೊರತು ತಳಕ್ಕೆ ಎಳೆಯುವುದಿಲ್ಲ. ಅದಕ್ಕೆದುರಾಗಿ ಹೋರಾಡಿ ಬಳಲಿದವರು ಮುಳುಗುತ್ತಾರೆ. ಆದುದರಿಂದ ಸಿಕ್ಕಿಕೊಂಡವರು ಗಾಬರಿಗೊಳ್ಳದೆ ತೇಲಬೇಕು. ಕೈಯೆತ್ತಿ ಸಹಾಯ ಬೇಡಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಿದ್ದ ಮೇಲೆ, ನೊರೆ ಏಳುವ ಕಡೆಯಿಂದ ದಡದತ್ತ ತಿರುಗಬೇಕು. ದಡದಲ್ಲಿರುವ ಗೆಳೆಯರು ತಾವೂ ನೀರಿಗೆ ಧುಮುಕದೆ ಜೀವರಕ್ಷಕರನ್ನು ಕರೆಯಬೇಕು; ತೇಲುವ ವಸ್ತುವೇನಾದರೂ ಇದ್ದರೆ ಎಸೆಯಬೇಕು.

ಮಳೆಗಾಲದ ಕೆರಳಿದ ಕಡಲಿಗೆ ಇಳಿಯಲೇಬಾರದು. ಉಳಿದ ದಿನಗಳಲ್ಲಿಯೂ ನೀರಿಗೆ ಕಾಲಿಡುವ ಮುನ್ನ ಹತ್ತು ನಿಮಿಷ ಮರಳಿನ ಮೇಲೆ ಕುಳಿತು, ತೆರೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂಬುದನ್ನು ನೋಡೋಣ. ಊರಿನ ಮೀನುಗಾರರನ್ನೂ ಕೇಳೋಣ. ವಿಶ್ರಾಂತಿಗೆಂದು ಬಂದ ನಮಗೆ ಆ ಹತ್ತು ನಿಮಿಷವೇನೂ ಹೊರೆಯಲ್ಲ.