ಮನೆಯೊಳಗಿನ ಗಾಳಿದಾರಿ

ಕೆನಡಾ ದೇಶದ ರಿಜೈನಾ ನಗರದಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುವುದುಂಟು. ಅಲ್ಲಿ ಕಿಟಕಿ ತೆರೆದು ಮಲಗುವ ಮಾತೇ ಇಲ್ಲ. 1973ರಲ್ಲಿ ತೈಲದ ಬೆಲೆಯು ಏಕಾಏಕಿ ಏರಿದ ಮೇಲೆ, ಶಾಖವು ಸೋರದಂತೆ ಸಂದುಗೊಂದುಗಳನ್ನೆಲ್ಲ ಮುಚ್ಚಿ ಮನೆ ಕಟ್ಟುವ ಪ್ರಯತ್ನಗಳು ನಡೆದವು. ಆದರೆ ಶಾಖದೊಡನೆ ಉಸಿರಿನ ತೇವ, ಅಡುಗೆಯ ವಾಸನೆ, ಬಚ್ಚಲಿನ ಹಬೆ ಇವೂ ಒಳಗೇ ಉಳಿಯುವುವಷ್ಟೆ! ತೇವ ನಿಂತಲ್ಲಿ ಬೂಷ್ಟು ಬೆಳೆಯುತ್ತದೆ.

1977ರಲ್ಲಿ ಆ ನಗರದಲ್ಲಿ ಕಟ್ಟಲಾದ ‘ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್’ ಎಂಬ ಮನೆಯಲ್ಲಿ ಇದಕ್ಕೊಂದು ಉಪಾಯವನ್ನು ಅಳವಡಿಸಲಾಯಿತು. ಹೊರಹೋಗುವ ಬೆಚ್ಚನೆಯ ಗಾಳಿಯೂ ಒಳಬರುವ ತಣ್ಣನೆಯ ಗಾಳಿಯೂ ಒಂದು ಪೆಟ್ಟಿಗೆಯೊಳಗೆ ತೆಳುವಾದ ಹಾಳೆಗಳ ಎರಡು ಮಗ್ಗುಲಲ್ಲಿ ಹರಿಯುತ್ತವೆ. ಗಾಳಿಗಳು ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಇಂದು ಇಂಥ ಪೆಟ್ಟಿಗೆಯನ್ನು ಕೊಂಡು ತರುವುದು ಸುಲಭ. ಅದರಿಂದ ಕೋಣೆಕೋಣೆಗೂ ಕೊಳವೆಗಳನ್ನು ಒಯ್ಯುವುದೇ ನಿಜವಾದ ಕೆಲಸ.

ಶುದ್ಧವಾದ ಗಾಳಿಯು ಮಲಗುವ ಕೋಣೆಗಳಿಗೆ ಬರಬೇಕು. ಮಲಿನವಾದುದು ಅಡುಗೆಮನೆ, ಬಚ್ಚಲುಮನೆಗಳಿಂದ ಹೊರಡಬೇಕು. ನಡುವೆ ಕೊಳವೆಯಿಲ್ಲ, ಬಾಗಿಲಿನ ಕೆಳಗೆ ಬಿಟ್ಟ ಬೆರಳಗಲದ ಸಂದೇ ದಾರಿ. ಒಲೆಯ ನೇರ ಮೇಲಿನ ಹೊಗೆಯನ್ನು ಮಾತ್ರ ಈ ಕೊಳವೆಗಳಿಗೆ ಸೇರಿಸುವಂತಿಲ್ಲ. ಅದರ ಜಿಡ್ಡು ಒಳಗೆಲ್ಲ ಅಂಟಿಕೊಳ್ಳುತ್ತದೆ.

ಗಾಳಿಯು ಹಗುರವಾದ ವಸ್ತುವಾದುದರಿಂದ ಅದಕ್ಕೆ ಎಷ್ಟು ಕಿರಿದಾದ ದಾರಿಯಾದರೂ ಸಾಕೆಂದು ತೋರಬಹುದು. ಹಾಗಲ್ಲ. ಕೊಳವೆಯ ವ್ಯಾಸವನ್ನು ಅರ್ಧಕ್ಕಿಳಿಸಿ ಅಷ್ಟೇ ಗಾಳಿಯನ್ನು ಸಾಗಿಸಬೇಕಾದರೆ ಅದರ ವೇಗವು ನಾಲ್ಕು ಪಟ್ಟಾಗುತ್ತದೆ. ಘರ್ಷಣೆಯನ್ನು ಮೀರಲು ಬೇಕಾಗುವ ಒತ್ತಡವು ಸುಮಾರು 32 ಪಟ್ಟಾಗುತ್ತದೆ. ಆಗ ಫ್ಯಾನಿನ ಗದ್ದಲ ಹೆಚ್ಚುತ್ತದೆ. ಗದ್ದಲವನ್ನು ತಾಳಲಾರದೆ ಮನೆಯವರು ಅದನ್ನು ನಿಲ್ಲಿಸಿಬಿಡುತ್ತಾರೆ. ಮನೆಯು ಮತ್ತೆ ಉಸಿರು ಕಟ್ಟುತ್ತದೆ. ಆದುದರಿಂದ ನುಣುಪಾದ, ಅಗಲವಾದ ತಗಡಿನ ಕೊಳವೆಯನ್ನು ಆದಷ್ಟು ನೇರವಾಗಿ ಹಾಯಿಸುವುದೇ ಲೇಸು. ಬಾಗುವ ಕೊಳವೆಯನ್ನು ಹಾಸುವುದು ಸುಲಭ. ಆದರೆ ಅದನ್ನು ಪೂರ್ತಿಯಾಗಿ ಎಳೆದು ಬಿಗಿಯದಿದ್ದರೆ ಅದರ ಮಡಿಕೆಗಳೇ ಗಾಳಿಯನ್ನು ತಡೆಯುತ್ತವೆ.

ಕೊಳವೆಗಳು ಕೂಡುವೆಡೆಗಳನ್ನು ಮುಚ್ಚುವ ವಿಷಯದಲ್ಲಿ ಒಂದು ವಿನೋದವುಂಟು. ‘ಡಕ್ಟ್’ ಎಂದರೆ ಗಾಳಿಕೊಳವೆ. ಆದರೆ 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವಿಜ್ಞಾನಿಗಳು ಬಗೆಬಗೆಯ ಅಂಟುಗಳನ್ನು ಪರೀಕ್ಷಿಸಿದಾಗ, ಬೇಗನೆ ಸೋತದ್ದು ಬಟ್ಟೆಯ ಡಕ್ಟ್ ಟೇಪೇ! ಬಲ್ಲ ಕೆಲಸಗಾರರು ಗಟ್ಟಿಯಾದ ಲೇಪವನ್ನೋ ಅಲ್ಯೂಮಿನಿಯಂ ಹಾಳೆಯ ಪಟ್ಟಿಯನ್ನೋ ಬಳಸುತ್ತಾರೆ.

ಹೊರಗೋಡೆಯಿಂದ ಪೆಟ್ಟಿಗೆಯವರೆಗಿನ ಕೊಳವೆಗಳು ಚಳಿಗಾಲದಲ್ಲಿ ತಣ್ಣಗಿರುತ್ತವೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ಹನಿ ಮೂಡುವಂತೆ ಅವುಗಳ ಮೇಲೆಯೂ ನೀರು ಮೂಡಿ ತೊಟ್ಟಿಕ್ಕುತ್ತದೆ. ಆದಕಾರಣ ಅವುಗಳಿಗೆ ಶಾಖನಿರೋಧಕ ಹೊದಿಕೆಯನ್ನೂ ಅದರ ಮೇಲೆ ಆವಿಯು ನುಸುಳದಂಥ ಹಾಳೆಯನ್ನೂ ಸುತ್ತಬೇಕು.

ಕೊನೆಗೆ ಅಳತೆ. ಒಳಬರುವ ಗಾಳಿಯು ಹೊರಹೋಗುವುದಕ್ಕಿಂತ ಹೆಚ್ಚಾದರೆ ತೇವದ ಗಾಳಿಯು ಗೋಡೆಯೊಳಕ್ಕೆ ನುಗ್ಗಿ ಅಲ್ಲಿ ನೀರಾಗುತ್ತದೆ. ಕೊಳವೆಗಳಲ್ಲಿರುವ ತಡೆಗಳನ್ನು ತಿರುಗಿಸಿ ಎರಡನ್ನೂ ಸಮಗೊಳಿಸುತ್ತಾರೆ. ಸೋರಿಕೆಯ ಪರೀಕ್ಷೆಯನ್ನಾದರೋ ಅದಕ್ಕೂ ಮೊದಲೇ, ಕೊಳವೆಗಳು ಕಣ್ಣಿಗೆ ಕಾಣುತ್ತಿರುವಾಗಲೇ ಮುಗಿಸಿರುತ್ತಾರೆ. ಗೋಡೆಗೆ ಹಲಗೆ ಬಡಿಯುವವನಿಗೆ ಕರೆ ಹೋಗುವುದು ಆಮೇಲೆಯೇ.