ತಾಯಿಯ ಕೂಲಿ, ಕೂಸಿನ ತೂಕ

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟ ಲೆಕ್ಕವಿದು. ಸೂಲಗಿತ್ತಿಯ ಕೈಗುಣವನ್ನೇ ನಂಬಿಕೊಂಡಿದ್ದ ತಾಂಡಾ, ಹಟ್ಟಿಗಳಿಗೂ 108ರ ಗಾಡಿ ಬಂದು ಬಸುರಿಯನ್ನು ಕರೆದೊಯ್ಯುತ್ತದೆ. ಅದರ ಫಲವೂ ಸಿಕ್ಕಿದೆ. 2005ರಲ್ಲಿ ರಾಜ್ಯದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 50 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದವು. 2020ರ ಹೊತ್ತಿಗೆ ಅದು 19ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಇದಕ್ಕಾಗಿ ಊರೂರು ಸುತ್ತಿದ ಆಶಾ ಕಾರ್ಯಕರ್ತೆಯರಿಗೆ ನಾವು ಕೈಮುಗಿಯಬೇಕು. ಆದರೆ ಅದೇ ವರ್ಷ ಪಕ್ಕದ ಕೇರಳದಲ್ಲಿ ಈ ಸಂಖ್ಯೆ 6 ಇತ್ತು. ನಡುವೆ ಉಳಿದಿರುವ ಹದಿಮೂರು ಕೂಸುಗಳನ್ನು ಆಸ್ಪತ್ರೆಯ ಮಂಚಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಉಳಿಸಿಕೊಳ್ಳಲಾಗದು. ಹೆರಿಗೆಗೆ ಮುಂಚೆ ಆ ತಾಯಿ ಏನು ಉಂಡಳು, ಹೆರಿಗೆಯಾದ ಮೇಲೆ ಎಷ್ಟು ದಿನಕ್ಕೆ ಕೂಲಿಗೆ ಹೊರಟಳು ಎಂಬ ಎರಡು ಪ್ರಶ್ನೆಗಳನ್ನು ನಾವಿನ್ನೂ ಸರಿಯಾಗಿ ಕೇಳಿಕೊಂಡೇ ಇಲ್ಲ.

ಹುಟ್ಟಿದ ಕೂಡಲೇ ಮಗುವನ್ನು ತೂಗುತ್ತಾರೆ. ಎರಡೂವರೆ ಕೆಜಿಗಿಂತ ಕಡಿಮೆಯಿದ್ದರೆ ತಾಯಿ ಕಾರ್ಡಿನಲ್ಲಿ ಅದು ಕಡಿಮೆ ತೂಕದ ಮಗು. ಆ ತೂಕ ಒಂಬತ್ತು ತಿಂಗಳಲ್ಲಿ ಮಾತ್ರ ನಿರ್ಧಾರವಾದದ್ದಲ್ಲ. ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅವರಲ್ಲಿ ಹೆಣ್ಣುಮಕ್ಕಳು ಹಾಗೇ ಕುಳ್ಳಾಗಿ, ರಕ್ತ ಕಡಿಮೆಯಾಗಿ ಬೆಳೆಯುತ್ತಾರೆ. ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಐವರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿರುತ್ತದೆ. ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹೀಗೆ ತಾಯಿಯ ಬಾಲ್ಯದ ಹಸಿವು ಅವಳ ಮಗುವಿನ ತೂಕದಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಏಳೆಂಟು ತಿಂಗಳ ಹೊಟ್ಟೆ ಹೊತ್ತು ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದುಡಿಮೆ. ಒಂದು ಕಬ್ಬಿಣದ ಮಾತ್ರೆಯಿಂದ ಇದೆಲ್ಲ ಸರಿಹೋಗಲಿ ಎಂದು ನಿರೀಕ್ಷಿಸುವುದು ಅನ್ಯಾಯ.

ವರ್ಷದೊಳಗೆ ಸಾಯುವ ಶಿಶುಗಳಲ್ಲಿ ಹೆಚ್ಚಿನವು ಮೊದಲ 28 ದಿನಗಳಲ್ಲೇ ಸಾಯುತ್ತವೆ. ದಿನ ತುಂಬದೆ ಹುಟ್ಟಿದ, ತೂಕವಿಲ್ಲದ ಕೂಸಿನ ಚರ್ಮದಡಿ ಕೊಬ್ಬಿರುವುದಿಲ್ಲ. ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು. ಆದ್ದರಿಂದ ಕಾವು ಬೇಗ ಸೋರಿಹೋಗುತ್ತದೆ. ಮೈ ತಣ್ಣಗಾದ ಮಗು ಇದ್ದಬದ್ದ ಶಕ್ತಿಯನ್ನೆಲ್ಲ ಬೆಚ್ಚಗಿರಲಿಕ್ಕೇ ಸುಡುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ಮೊಲೆ ಚೀಪುವ ತ್ರಾಣ ಉಳಿಯುವುದಿಲ್ಲ, ಹಾಲಿಲ್ಲದೆ ಮತ್ತೆ ತಣ್ಣಗಾಗುತ್ತದೆ. ಗಾರೆಯ ಗೋಡೆ, ಮರದ ಬಾಗಿಲು ಇರುವ ಮನೆಯಲ್ಲಿ ಇದನ್ನು ತಡೆಯುವುದು ಕಷ್ಟವಲ್ಲ. ಹಗಲು ಕಾದು ಇರುಳು ತಣ್ಣಗಾಗುವ ತಗಡಿನ ಶೆಡ್ಡಿನಲ್ಲಿ, ಒಂದೇ ಕೋಣೆಯಲ್ಲಿ ಒಲೆಯೂ ಹಾಸಿಗೆಯೂ ಇದ್ದಲ್ಲಿ, ಕಾವು ಬೇಕೆಂದರೆ ಹೊಗೆಯನ್ನೂ ಉಸಿರಾಡಬೇಕು. ಆ ಹೊಗೆಯಿಂದಲೇ ನ್ಯುಮೋನಿಯಾದ ಅಪಾಯ.

ಇದಕ್ಕೊಂದು ಖರ್ಚಿಲ್ಲದ ಮದ್ದಿದೆ. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವ ಕಾಂಗರೂ ಆರೈಕೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ, ಇನ್ಕ್ಯುಬೇಟರುಗಳು ಸಾಲದ ಆಸ್ಪತ್ರೆಯೊಂದರ ವೈದ್ಯರು ಕಂಡುಕೊಂಡ ಉಪಾಯವಿದು. ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ನೋಡಿದಾಗ ನಮ್ಮ ಕೊಪ್ಪಳ ಜಿಲ್ಲೆಯೂ ಅದರಲ್ಲಿತ್ತು. ಎರಡು ಕೆಜಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಈ ಆರೈಕೆಯನ್ನು ತಲುಪಿಸಲು ಸಾಧ್ಯ ಎಂದು ಅಲ್ಲಿ ತೋರಿಸಿಕೊಟ್ಟರು. ಆದರೆ ಗಮನಿಸಿ: ದಿನಕ್ಕೆ ಕನಿಷ್ಠ ಎಂಟು ಗಂಟೆ ಮಗು ಎದೆಯ ಮೇಲಿರಬೇಕು. ನೀರು ತರುವವರು ಯಾರು, ರೊಟ್ಟಿ ಬಡಿಯುವವರು ಯಾರು, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು? ಖರ್ಚಿಲ್ಲದ ಮದ್ದಿಗೂ ತಾಯಿಯ ಹೊತ್ತು ಬೇಕು. ಬಡವರ ಮನೆಯಲ್ಲಿ ಇಲ್ಲದ್ದೇ ಅದು. ಕೊಪ್ಪಳದಂಥ ಕೆಲಸದಲ್ಲಿ ಗಂಡನನ್ನು, ಅತ್ತೆಯನ್ನು ಕೂರಿಸಿ ಮಾತಾಡುವುದು ಡಾಕ್ಟರು ತಾಯಿಗೆ ಹೇಳುವ ಮಾತಿನಷ್ಟೇ ಮುಖ್ಯ.

ಬಾಣಂತಿಯ ತಟ್ಟೆಯ ವಿಷಯಕ್ಕೆ ಬರುತ್ತೇನೆ. ಎರಡು, ಮೂರು ತಿಂಗಳವರೆಗೆ ಗುಂಡುಗುಂಡಾಗಿದ್ದ ಮಗು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಅಳುವ ದನಿ ಒಡೆದು ಗೊಗ್ಗರಾಗುತ್ತದೆ, ಏದುಸಿರು ಬರುತ್ತದೆ. ಹಳ್ಳಿಯಲ್ಲಿ ಬಾಲಗ್ರಹ ಎನ್ನುತ್ತಾರೆ. ಪಟ್ಟಣದಲ್ಲಿ ಹೃದಯದ ಕಾಯಿಲೆ ಎಂದು ಹೆದರುತ್ತಾರೆ. ಕರ್ನಾಟಕದ ವೈದ್ಯರೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿರುವ ಇಂಥ ಪ್ರಕರಣಗಳಲ್ಲಿ ಕಾರಣ ಥಯಮಿನ್ ಅಂದರೆ ಬಿ1 ಜೀವಸತ್ವದ ಕೊರತೆ. ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ಗೊತ್ತಾಗದೇ ಹೋದರೆ ಕೈತಪ್ಪುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಈ ಜೀವಸತ್ವ ಮೊದಲೇ ಕಡಿಮೆ. ಮೂರು ಸಲ ತೊಳೆದು, ಗಂಜಿ ಬಸಿದರೆ ಉಳಿದದ್ದೂ ಹೋಯಿತು. ಮೈಯಲ್ಲಿ ಇದರ ದಾಸ್ತಾನು ಹೆಚ್ಚು ದಿನ ನಿಲ್ಲದು, ಹಾಗಾಗಿ ತಾಯಿ ಉಣ್ಣದಿದ್ದರೆ ಅವಳ ಹಾಲಿನಲ್ಲೂ ಇರುವುದಿಲ್ಲ. ಬೇಳೆ ವಾಯು, ಕಾಯಿಪಲ್ಲೆ ಶೀತ ಎಂದು ಬಾಣಂತಿಗೆ ಬಿಳಿ ಅನ್ನ, ಮೆಣಸಿನ ಸಾರು ಮಾತ್ರ ಇಡುವ ಪಥ್ಯವನ್ನು ಅಜ್ಞಾನವೆಂದು ಬೈದು ಬಿಡಲು ನನಗೆ ಮನಸ್ಸಿಲ್ಲ. ಬೇಳೆಯೂ ಮೊಟ್ಟೆಯೂ ದುಬಾರಿಯಾದ ಮನೆಗಳಲ್ಲಿ ಪಥ್ಯಕ್ಕೂ ಬಡತನಕ್ಕೂ ಗೆರೆ ಎಳೆಯುವುದು ಕಷ್ಟ. ಜೋಳದ ರೊಟ್ಟಿಯ ಸೀಮೆಯಲ್ಲೂ ಈಗ ಪಡಿತರದ ಅಕ್ಕಿಯೇ ಹೊಟ್ಟೆ ತುಂಬಿಸುತ್ತಿದೆ. ಹಸಿವು ನೀಗಿದ್ದು ನಿಜ. ಬಾಣಂತಿಗೆ ಅಷ್ಟೇ ಸಾಲದು.

2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆ ಈ ಕೊರತೆಯನ್ನು ಸರಿಯಾಗಿಯೇ ಗುರುತಿಸಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು ಇರುವ ಬಿಸಿಯೂಟ. ಆದರೆ ನಡುಹಗಲಿನ ಊಟ ಹೊಲದಲ್ಲಿರುವವಳಿಗೆ ದೂರ. ಹಸಿ ಬಾಣಂತಿಯನ್ನು ಮನೆಯವರು ಹೊಸ್ತಿಲು ದಾಟಿಸುವುದಿಲ್ಲ. ಊಟವೇ ಅವಳಿದ್ದಲ್ಲಿಗೆ ಹೋಗಬೇಕು.

ಇನ್ನು ಕೂಲಿ. ಸಂಘಟಿತ ವಲಯದಲ್ಲಿ ದುಡಿಯುವ ಮಹಿಳೆಗೆ 2017ರ ತಿದ್ದುಪಡಿಯ ನಂತರ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಕೂಲಿಯ ಹೆಣ್ಣುಮಗಳಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಿಂದ ಬರುವುದು 5,000 ರೂಪಾಯಿ, ಅದೂ ಕಂತಿನಲ್ಲಿ. 2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಲೆಕ್ಕ ಹಾಕಿದರೆ ಹದಿನಾಲ್ಕು ದಿನದ ಕೂಲಿಯೂ ಆಗದು. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ಗೋಡೆಯ ಮೇಲೆ ಬರೆಸುವ ಸರ್ಕಾರ ಅವಳಿಗೆ ಕೊಟ್ಟ ಬಿಡುವು ಎರಡು ವಾರ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವವರ ಪಾಡು ಇನ್ನೂ ಬಿಗಿ. ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ 42 ದಿನಗಳೊಳಗೆ ಆರು ಸಲ ಹೋಗಬೇಕು. ಜೋಳಿಗೆಯಂಥ ಬಟ್ಟೆಯಲ್ಲಿ ಮಗುವನ್ನು ತೂಗಿ, ಮೈಯ ಕಾವು ಅಳೆದು, ಗಡಿಯಾರ ಹಿಡಿದು ಉಸಿರು ಎಣಿಸುತ್ತಾಳೆ. ನಿಮಿಷಕ್ಕೆ 60 ದಾಟಿದರೆ ಆಸ್ಪತ್ರೆಗೆ. ಪ್ರಾಣ ಉಳಿಸುವ ಕೆಲಸವಿದು. ಆದರೆ ಹೆಸರು ಬರೆಸಿದ್ದು ಊರಿನಲ್ಲಿ, ಮಗು ಇರುವುದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ. ಆ ಬಾಗಿಲಿಗೆ ಬರುವ ಆಶಾ ಯಾರು ಎಂದು ತಾಯಿಗೂ ಗೊತ್ತಿರುವುದಿಲ್ಲ. ಟ್ಯಾಂಕರಿನ ನೀರು, ತೊಳೆಯದ ಬಾಟಲಿ, ಹಾಲಿಗೆ ಬೆರೆಸಿದ ನೀರು. ಭೇದಿ ಶುರುವಾಗಲು ಇಷ್ಟು ಸಾಕು.

ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರಿಗಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಗ್ರಾಮ ಪಂಚಾಯಿತಿಗಳಲ್ಲಿವೆ. ಹಾಗೆಯೇ ನಗರದಲ್ಲಿ ಕಟ್ಟಡ ಕೆಲಸ ನಡೆಯುವ ಜಾಗದಲ್ಲೂ ಒಂದೊಂದು ಬೇಕು. ಕೂಸು ಹುಟ್ಟಿದ ಮೊದಲ ಆರು ತಿಂಗಳು ಕನಿಷ್ಠ ಕೂಲಿಯ ಮಟ್ಟದಲ್ಲಿ ತಾಯಿಯ ಖಾತೆಗೆ ಹಣ ಬೀಳಬೇಕು, ಎಷ್ಟನೇ ಮಗು ಎಂದು ಕೇಳದೆ. ಮತ್ತು ಗುಳೆ ಹೊರಟ ಬಸುರಿಯ ತಾಯಿ ಕಾರ್ಡಿನ ವಿವರ, ಅವಳು ಬಸ್ಸಿಳಿಯುವ ಊರಿನ ಆಶಾ ಕಾರ್ಯಕರ್ತೆಯ ಕೈಗೆ ಅವಳಿಗಿಂತ ಮುಂಚೆ ತಲುಪಬೇಕು.